ಹೊಸ ಗಡಿಗೆಯ ಭಜ್ಜಿ

ಮದುವೆಯಾಗಿ ಬಂದ ವರ್ಷ ನನ್ನ ಅತ್ತೆ ಓಣಿಯ ಹೆಂಗಸರ ಮುಂದೆ ನನ್ನ ಮೇಲೆ ಹೇಳಿದ ಮೊದಲ ದೂರು ಅಡುಗೆಯದ್ದಲ್ಲ, ಮೈಗಳ್ಳತನದ್ದೂ ಅಲ್ಲ. "ಹುಡುಗಿ ಛಲೋ ಅದಾಳ, ಆದ್ರ ಭಾಳ ಕೇಳತಾಳವ್ವ" ಎಂದಿದ್ದರು. ಸುಳ್ಳೇನಲ್ಲ. ನಾನು ಹುಟ್ಟಿ ಬೆಳೆದದ್ದು ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಅಲ್ಲಿ ಹಸಿರು ಅಂದರೆ ಸಿಗ್ನಲ್ಲಿನ ಹಸಿರು, ಅಷ್ಟೇ. ಭಂಕೂರು ದಾಟಿ ಕಾಗಿಣಾ ಹೊಳೆಯ ಕಡೆಗಿರುವ ಈ ಊರಿಗೆ ಬಂದ ಮೇಲೆ ನನಗೆ ಕಂಡದ್ದೆಲ್ಲ ಪ್ರಶ್ನೆಯೇ. ತೊಗರಿಯ ಸಾಲಿನ ನಡುವೆ ಹೆಸರು ಯಾಕೆ ಬಿತ್ತುತ್ತಾರೆ? ಬದುವಿಗೆ ನಿಲ್ಲಿಸಿದ ಫರ್ಸಿ ಕಲ್ಲಿನ ಚಪ್ಪಡಿಗೆ ಸುಣ್ಣ ಯಾಕೆ ಬಳಿಯುತ್ತಾರೆ? ಎತ್ತುಗಳಿಗೆಲ್ಲ ಹೆಸರಿಟ್ಟವರು ಎಮ್ಮೆಯನ್ನು ಬರೀ ಎಮ್ಮೆ ಅಂತ ಯಾಕೆ ಕರೆಯುತ್ತಾರೆ? ಕೊನೆಯ ಪ್ರಶ್ನೆಗೆ ಇಪ್ಪತ್ತು ವರ್ಷವಾದರೂ ಉತ್ತರ ಸಿಕ್ಕಿಲ್ಲ.

ನನ್ನ ಈ ಕಾಟವನ್ನು ತಡೆದುಕೊಂಡವರು ಹೊಲದ ಗೆಳತಿಯರು. ನಾವು ಐದು ಮಂದಿ. ಎಲ್ಲರಿಗಿಂತ ದೊಡ್ಡಾಕೆಯನ್ನು ಊರೇ ಆಯಿ ಅನ್ನುತ್ತದೆ. ನಮ್ಮ ಕಡೆ ಅಜ್ಜಿಗೆ ಹಾಗೆ ಕರೆಯುವುದು. ಎಪ್ಪತ್ತು ದಾಟಿದ್ದಾಳೆ, ಬಾಯಲ್ಲಿ ನಾಲ್ಕು ಹಲ್ಲು, ಮಾತು ಮಾತ್ರ ಮೂವತ್ತೆರಡು ಹಲ್ಲಿನವರದು. ಇನ್ನೊಬ್ಬಳ ಗಂಡ ಶಹಾಬಾದಿನಲ್ಲಿ ಫರ್ಸಿಗೆ ಪಾಲಿಶ್ ಹಾಕುವ ಮಷೀನು ಇಟ್ಟಿದ್ದಾನೆ, ಹೀಗಾಗಿ ಅವಳು ಫರ್ಸಿ ಮನೆಯಾಕೆ. ಮೂರನೆಯವಳ ತವರು ಸೇಡಂ ಆಚೆ, ತೆಲಂಗಾಣದ ಗಡಿಯಲ್ಲಿ. ಸಿಟ್ಟು ಬಂದರೆ ತೆಲುಗಿನಲ್ಲಿ ಬೈಯುತ್ತಾಳೆ. ನಮಗೆ ಅರ್ಥವಾಗುವುದಿಲ್ಲ, ಜಗಳ ಅಲ್ಲಿಗೇ ಮುಗಿಯುತ್ತದೆ. ನಾನು ನಾಲ್ಕನೆಯವಳು. ನಾವು ನಾಲ್ವರೂ ಲಿಂಗ ಕಟ್ಟಿದ ಮನೆಗಳವರು, ಅಡುಗೆಮನೆಗೆ ಮೀನು ಮಾಂಸ ಬರದವರು.

ಐದನೆಯವಳು ಹೊಳೆ ದಂಡೆಯವಳು. ಅವಳ ಮಾವನ ಕಾಲದಲ್ಲಿ ಅವರ ಮನೆಯವರು ದೋಣಿ ನಡೆಸುತ್ತಿದ್ದರು, ಮೀನು ಹಿಡಿಯುತ್ತಿದ್ದರು. ಹೊಳೆಗೆ ಸೇತುವೆಯಾದ ಮೇಲೆ ದೋಣಿಯ ಕೆಲಸ ನಿಂತು, ಮನೆಮಂದಿಯೆಲ್ಲ ಹೊಲದ ಕೂಲಿಗೆ ಇಳಿದರು. ನಮ್ಮ ನಮ್ಮಲ್ಲಿ ಮುಯ್ಯಿ ನಡೆಯುತ್ತಿತ್ತು. ಇವತ್ತು ನಾವೆಲ್ಲ ನಿಮ್ಮ ಹೊಲದಲ್ಲಿ ಕಳೆ ತೆಗೆದರೆ ನಾಳೆ ನೀವೆಲ್ಲ ನಮ್ಮ ಹೊಲಕ್ಕೆ, ಕೂಲಿಯ ಮಾತಿಲ್ಲ. ಹೊಲವೇ ಇಲ್ಲದ ಅವಳಿಗೆ ಮುಯ್ಯಿ ಎಲ್ಲಿಂದ ಬರಬೇಕು? ಅವಳೊಬ್ಬಳು ಕೂಲಿಗೆ ಬರುತ್ತಿದ್ದಳು. ಆದರೂ ಹದಿನಾಲ್ಕು ವರ್ಷ ನನ್ನ ಪಕ್ಕದ ಸಾಲು ಅವಳದೇ.

ಸಾಲು ಹಿಡಿದು ಕಳೆ ತೆಗೆಯುವ ಸುಖ ಪೇಟೆಯವರಿಗೆ ಹೇಳಿದರೆ ನಗುತ್ತಾರೆ. ಬೆನ್ನು ಬಿದ್ದುಹೋಗುತ್ತದೆ ನಿಜ, ಆದರೆ ಆ ಹೊತ್ತಿನಲ್ಲಿ ಆಡುವ ಮಾತು ಬೇರೆಲ್ಲೂ ಆಡಲಾಗುವುದಿಲ್ಲ. ಮುಖ ನೆಲದ ಕಡೆಗಿರುತ್ತದೆ, ಯಾರೂ ಯಾರನ್ನೂ ನೋಡುತ್ತಿರುವುದಿಲ್ಲ. ಅತ್ತೆಯ ಸುದ್ದಿ, ಗಂಡನ ಗೊರಕೆ, ಚಿತ್ತಾಪುರದ ಸಂತೆಯಲ್ಲಿ ಸೀರೆಯಂಗಡಿಯವನು ಮಾಡಿದ ಮೋಸ, ಎಲ್ಲ ಹೊರಗೆ ಬರುತ್ತದೆ. ನನ್ನ ಸಾಲು ಯಾವಾಗಲೂ ಹಿಂದೆ ಬೀಳುತ್ತಿತ್ತು. ಹೊಳೆಯವಳು ತನ್ನ ಸಾಲು ಮುಗಿಸಿ, ಆ ತುದಿಯಿಂದ ನನ್ನ ಸಾಲಿಗೆ ಇಳಿದು ಎದುರಿಗೆ ಬರುತ್ತಿದ್ದಳು. ನಡುವೆ ಎಲ್ಲೋ ನಮ್ಮ ಖುರ್ಪಿಗಳು ಕೂಡುತ್ತಿದ್ದವು. "ಬಂತು ನೋಡು ವಾಡಿ ಪ್ಯಾಸೆಂಜರ್, ಎರಡು ತಾಸು ಲೇಟು" ಎಂದು ಅವಳು ಕೂಗಿದರೆ ಉಳಿದವರು ಬಿದ್ದು ಬಿದ್ದು ನಗುತ್ತಿದ್ದರು.

ನನ್ನ ಪ್ರಶ್ನೆಗಳಿಗೆ ಹೆಚ್ಚಿನ ಉತ್ತರಗಳೂ ಅವಳ ಹತ್ತಿರವೇ ಇದ್ದವು. ಯಾವ ಕಳೆ ಬಿಸಾಡಬೇಕು, ಯಾವುದನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಪಲ್ಯ ಮಾಡಬೇಕು ಎಂದು ಕಲಿಸಿದವಳು ಅವಳು. ಒಂದು ಚಳಿಗಾಲ, ಬೆಳಗು ಹರಿಯುವಾಗ ನನ್ನನ್ನು ನಮ್ಮದೇ ಕಡಲೆ ಹೊಲಕ್ಕೆ ಎಳೆದುಕೊಂಡು ಹೋದಳು. ಹಿಂದಿನ ಸಂಜೆಯೇ ಗಿಡಗಳ ಮೇಲೆ ಹಳೆಯ ಧೋತರವೊಂದನ್ನು ಹಾಸಿಟ್ಟು ಬಂದಿದ್ದಳು. ಇಬ್ಬನಿಗೆ ನೆಂದ ಬಟ್ಟೆಯನ್ನು ಎರಡೂ ಕಡೆಯಿಂದ ಹಿಂಡಿದೆವು. ತಂಬಿಗೆಯ ತಳಕ್ಕೆ ಒಂದಿಷ್ಟು ನೀರು ಬಿತ್ತು.

"ನೆಕ್ಕಿ ನೋಡು ಅಕ್ಕಾ."

ನೆಕ್ಕಿದೆ. ಅಬ್ಬಬ್ಬಾ! ಹುಳಿ ನೆತ್ತಿಗೇರಿತು, ಕಣ್ಣು ಮುಚ್ಚಿಹೋದವು. ಕಡಲೆ ಎಲೆಯ ಹುಳಿ ಇಬ್ಬನಿಯಲ್ಲಿ ಕರಗಿ ಬಟ್ಟೆಗೆ ಬರುತ್ತದಂತೆ, ಹೊಟ್ಟೆನೋವಿಗೆ ಅದೇ ಮದ್ದಂತೆ. ಇಷ್ಟು ವರ್ಷ ಆ ಹೊಲದ ಕಡಲೆ ತಿಂದವಳು ನಾನು, ಅದರ ಗುಟ್ಟು ಗೊತ್ತಿದ್ದದ್ದು ಹೊಲವಿಲ್ಲದ ಅವಳಿಗೆ. ನನ್ನ ಮುಖ ನೋಡಿ ಅವಳು ನಕ್ಕು ನಕ್ಕು ಕಡಲೆ ಸಾಲಿನಲ್ಲೇ ಕುಸಿದು ಕುಳಿತಳು. ನನಗೆ ಅವಳ ಮೇಲೆ ಪ್ರೀತಿ ಹುಟ್ಟಿದ್ದು ಆವತ್ತೇ ಇರಬೇಕು.

ಇಷ್ಟೆಲ್ಲ ಇದ್ದೂ ಒಂದು ಸಂಗತಿ ನನ್ನ ಕಣ್ಣಿಗೆ ಬೀಳಲು ವರ್ಷಗಳೇ ಬೇಕಾದವು. ಮಧ್ಯಾಹ್ನ ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚುತ್ತೇವಲ್ಲ, ನಾಲ್ವರ ಬುತ್ತಿ ನಡುವೆ ಬರುತ್ತಿತ್ತು. ಆಯಿಯ ಪುಂಡಿ ಪಲ್ಯ ನನ್ನ ರೊಟ್ಟಿಯ ಮೇಲೆ, ನನ್ನ ಬದನೆಕಾಯಿ ಸೇಡಂನವಳ ರೊಟ್ಟಿಯ ಮೇಲೆ. ಹೊಳೆಯವಳ ರೊಟ್ಟಿಯ ಮೇಲೂ ನಾವು ಹಾಕುತ್ತಿದ್ದೆವು, ಅವಳು ಉಣ್ಣುತ್ತಿದ್ದಳು. ಆದರೆ ಅವಳ ಬುತ್ತಿ ಅವಳ ತೊಡೆಯ ಹಿಂದೆಯೇ ಇರುತ್ತಿತ್ತು. ಕೇಳಿದರೆ "ನಂದು ಭಾಳ ಖಾರ ಅದರಿ, ನಿಮಗ ನಡೆಂಗಿಲ್ಲ" ಅನ್ನುತ್ತಿದ್ದಳು. ಇನ್ನೊಮ್ಮೆ ಕೇಳಿದರೆ "ನಮ್ಮ ಗಡಿಗಿ ಮೀನಿಂದು, ಬ್ಯಾಡ್ರಿ." ಆಮೇಲೆ ಯಾರೂ ಕೇಳುತ್ತಿರಲಿಲ್ಲ. ನಾವು ಕೇಳದಿದ್ದದ್ದು ನಮಗೂ ಅನುಕೂಲವೇ ಆಗಿತ್ತೆಂದು ಈಗ ಅನಿಸುತ್ತದೆ.

ನನಗೆ ಕೆಟ್ಟ ಕುತೂಹಲ. ಎಷ್ಟು ಖಾರ? ಯಾವ ಮೀನು? ಎರಡು ವರ್ಷದ ಹಿಂದೆ, ಅವಳು ಕೊಡ ಹಿಡಿದು ನೀರಿಗೆ ಹೋಗಿದ್ದಾಗ ನಾನು ಅವಳ ಬುತ್ತಿಯ ಗಂಟು ಬಿಚ್ಚಿಬಿಟ್ಟೆ. ತಪ್ಪು, ಒಪ್ಪಿಕೊಳ್ಳುತ್ತೇನೆ. ಒಳಗೆ ಎರಡು ಜೋಳದ ರೊಟ್ಟಿ, ಒಂದು ಉಳ್ಳಾಗಡ್ಡಿ, ಕಾಗದದಲ್ಲಿ ಕಟ್ಟಿದ ಶೇಂಗಾ ಹಿಂಡಿ, ಅದೇ ಚಟ್ನಿಪುಡಿ. ಬೆರಳಿಗೆ ಹಚ್ಚಿ ರುಚಿ ನೋಡಿದೆ. ನಮ್ಮ ಮನೆಯ ಹಿಂಡಿಯಷ್ಟೂ ಖಾರವಿರಲಿಲ್ಲ. ಮೀನಿನ ವಾಸನೆಯೂ ಇಲ್ಲ.

"ಏನ ಸಿಕ್ಕಿತು ಅಕ್ಕಾ? ಮೊಸಳಿ?"

ಹಿಂದೆ ನಿಂತಿದ್ದಳು. ನನಗೆ ಭೂಮಿ ಬಾಯಿ ಬಿಟ್ಟರೆ ಸಾಕೆನ್ನಿಸಿತು. ಅವಳು ಬೈಯಲಿಲ್ಲ. ಕೊಡ ಇಳಿಸಿ ಪಕ್ಕದಲ್ಲಿ ಕುಳಿತು ಗಂಟನ್ನು ಮತ್ತೆ ಕಟ್ಟಿದಳು.

"ಹೊಲಕ್ಕ ಮೀನ ತರಲಿಕ್ಕ ನನಗೇನು ಹುಚ್ಚ ಹಿಡದದ? ನೀವು ಉಣ್ಣಂಗಿಲ್ಲ ಅಂತ ನನಗ ಗೊತ್ತಿಲ್ಲೇನು?"

"ಮತ್ತ ಖಾರ ಅದ ಅಂತ ಯಾಕ ಹೇಳತಿ?"

"ಮೊದಲನೇ ವರ್ಷ ಒಬ್ಬರಿಗಿ ಹಿಂಡಿ ಕೊಡಲಿಕ್ಕ ಹೋದೆ. ಅವರು ಕೈ ಹಿಂದಕ ತಗೊಂಡ್ರು. ಏನೂ ಅನಲಿಲ್ಲ ಪಾಪ, ಕೈ ಅಷ್ಟ ಹಿಂದಕ ತಗೊಂಡ್ರು. ಅವರು ಬ್ಯಾಡ ಅನ್ನೂದಕಿಂತ ನಾನ ಖಾರ ಅದ ಅನ್ನೂದು ಛಲೋ ಅಲ್ಲೇನು?"

"ಯಾರ ಕೈ ಅದು?"

"ಯಾರದಾದ್ರೇನು, ಏಳು. ನಿನ್ನ ಸಾಲು ಇನ್ನಾ ಅರ್ಧ ಅದ."

ಎಷ್ಟು ಪೀಡಿಸಿದರೂ ಹೇಳಲಿಲ್ಲ. ಆ ವರ್ಷ ಸಾಲಿನಲ್ಲಿದ್ದವರು ಆಯಿ, ಫರ್ಸಿ ಮನೆಯಾಕೆ ಮತ್ತು ನಾನು. ಸೇಡಂನವಳು ಇನ್ನೂ ಮದುವೆಯಾಗಿ ಬಂದಿರಲಿಲ್ಲ. ನನ್ನದೇ ಕೈ ಇರಬಹುದೇ? ನೆನಪಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು. ಕುಲ ಕೇಳಬಾರದೆಂದು ದಿನಾ ವಚನ ಓದುವ ಮನೆ ನಮ್ಮದು.

ಹೋದ ವರ್ಷ ಅವಳಿಗೆ ಒಂದು ಹೊಲ ಸಿಕ್ಕಿತು. ಸ್ವಂತದ್ದಲ್ಲ, ಪಾಲಿಗೆ ಮಾಡಲು. ಹಳೆಯ ಕಲ್ಲಿನ ಖಣಿಯ ಪಕ್ಕದ ಎರಡೆಕರೆ. ಯಾರೂ ಬೇಡವೆಂದು ಬಿಟ್ಟದ್ದು. ಬಿತ್ತುವುದಕ್ಕೆ ಮೊದಲು ಗಂಡ ಹೆಂಡತಿ ಇಬ್ಬರೂ ಒಡೆದ ಫರ್ಸಿ ಚೂರುಗಳನ್ನು ಬುಟ್ಟಿಗಟ್ಟಲೆ ಹೊತ್ತು ಬದುವಿಗೆ ಹಾಕಿದರು. ತೊಗರಿ ಬಿತ್ತಿದರು, ಒಂದು ಮೂಲೆಗೆ ಕಡಲೆ. ಕಳೆ ತೆಗೆಯುವ ಹೊತ್ತಿಗೆ ನಾವು ನಾಲ್ವರೂ ಮುಯ್ಯಿಗೆ ಹೋದೆವು. ಹೋಗಬೇಕೋ ಬೇಡವೋ ಎಂಬ ಯೋಚನೆ ಒಬ್ಬರಿಗೂ ಬರಲಿಲ್ಲ. ತನ್ನ ಹೊಲದಲ್ಲಿ ನಮ್ಮನ್ನು ನಿಲ್ಲಿಸಿ "ಆಯಿ, ನೀವು ಆ ಸಾಲು ಹಿಡೀರಿ, ಫರ್ಸಿ ಅಕ್ಕಾ, ನೀವು ಇದು" ಎಂದು ಹೇಳುವಾಗ ಅವಳ ದನಿಯಲ್ಲಿ ಎಂಥ ಠೀವಿ! ಸೇಡಂನವಳು "ಏನವ್ವ ಗೌಡಸಾನಿ" ಎಂದು ಕೈ ಮುಗಿದಳು. ಆವತ್ತು ಮಧ್ಯಾಹ್ನ ಮಾತ್ರ ಅವಳ ಬುತ್ತಿ ಯಥಾಪ್ರಕಾರ ತೊಡೆಯ ಹಿಂದೆಯೇ ಇತ್ತು.

ಚಳಿ ಶುರುವಾಗುವಾಗ ಅವಳು ನನಗೊಬ್ಬಳಿಗೆ ಹೇಳಿದಳು: "ಎಳ್ಳಮಾಸಿಗಿ ನಿಮ್ಮನ್ನೆಲ್ಲಾ ನನ್ನ ಹೊಲಕ್ಕ ಕರಿಯಾಕತ್ತೀನಿ ಅಕ್ಕಾ. ಹದಿನಾಲ್ಕು ವರ್ಷ ನಿಮ್ಮ ಹೊಲದಾಗ ಉಂಡೀನಿ. ಒಂದು ದಿನ ನನ್ನ ಕೈಲೆ ನಿಮಗ ಉಣಿಸಬೇಕು. ಬ್ಯಾರೆ ಏನೂ ಆಸೆ ಇಲ್ಲ ನನಗ."

ಎಳ್ಳ ಅಮಾವಾಸ್ಯೆ ನಮ್ಮ ಕಡೆ ದೊಡ್ಡ ಹಬ್ಬ. ಆ ದಿನ ಊರಿಗೆ ಊರೇ ಹೊಲದಲ್ಲಿರುತ್ತದೆ. ಐದು ಕಲ್ಲಿಗೆ ಸುಣ್ಣ ಹಚ್ಚಿ ಪೂಜೆ ಮಾಡಿ, ಅಡುಗೆಯ ಒಂದು ಪಾಲನ್ನು ಪೈರಿನ ಮೇಲೆ ಚೆಲ್ಲುತ್ತಾರೆ. ಅದಕ್ಕೆ ಚರಗ ಅನ್ನುತ್ತಾರೆ. ಆಮೇಲೆ ಊಟ. ಊಟದಲ್ಲಿ ಭಜ್ಜಿ ಇರಲೇಬೇಕು. ಎಣ್ಣೆಯಲ್ಲಿ ಕರಿಯುವ ಭಜ್ಜಿಯಲ್ಲ ಇದು. ಆ ಕಾಲಕ್ಕೆ ಹೊಲದಲ್ಲಿ ಸಿಗುವ ಕಾಳು, ಸೊಪ್ಪು, ಕಾಯಿ ಎಲ್ಲವನ್ನೂ ಹುಣಸೆಹುಳಿ, ಕಡಲೆ ಹಿಟ್ಟು ಹಾಕಿ ಒಂದೇ ಗಡಿಗೆಯಲ್ಲಿ ಗಟ್ಟಿಯಾಗಿ ಕುದಿಸುವುದು. ಯಾರ ಭಜ್ಜಿಗೆ ಎಷ್ಟು ಬಗೆ ಬಿದ್ದಿದೆ ಎಂಬುದೇ ಹೆಂಗಸರಿಗೆಲ್ಲ ಪೈಪೋಟಿ.

ಅವಳು ಎಲ್ಲರನ್ನೂ ಮನೆಮನೆಗೆ ಹೋಗಿ ಕರೆದಳು. ಎಲ್ಲರೂ "ಬರತೀವಿ ಬಿಡವ್ವ, ಅದೇನು ಹೇಳಬೇಕಾ" ಎಂದರು, ದನಿ ತುಸು ಏರಿಸಿಯೇ. ಮಾತು ಹೀಗಾಯಿತು: ಬೆಳಿಗ್ಗೆ ನಮ್ಮ ನಮ್ಮ ಹೊಲದ ಪೂಜೆ ಮುಗಿಸುವುದು, ಅಲ್ಲಿ ಉಣ್ಣದೆ ಅವಳ ಹೊಲಕ್ಕೆ ಹೋಗುವುದು. ಅವಳು ಟಂಟಂ ಹತ್ತಿ ಚಿತ್ತಾಪುರದ ಸಂತೆಗೆ ಹೋಗಿ ಹೊಸ ಮಣ್ಣಿನ ಗಡಿಗೆ ತಂದಳು. ನನಗೆ ತೋರಿಸಲೆಂದೇ ನಮ್ಮ ಕಟ್ಟೆಯ ಮೇಲೆ ಇಳಿಸಿ, ಬೆರಳಿನಿಂದ ಬಾರಿಸಿ ಸಪ್ಪಳ ಕೇಳಿಸಿದಳು. ಹದಿನೈದು ದಿನದಿಂದ ಮನೆಯಲ್ಲಿ ಮೀನು ಮಾಡಿಲ್ಲವೆಂದಳು. ಗಂಡ ಮುಖ ಊದಿಸಿಕೊಂಡಿದ್ದಾನೆಂದು ನಕ್ಕಳು.

ಹಬ್ಬದ ದಿನ ಮಧ್ಯಾಹ್ನ ನಮ್ಮ ಹೊಲದಲ್ಲಿ ಪೂಜೆ ಮುಗಿಯಿತು. ಹೊರಡುವ ಮುಂಚೆ ನಾನು ಒಂದು ಸ್ಟೀಲ್ ಡಬ್ಬಿಗೆ ನಮ್ಮ ಭಜ್ಜಿ ತುಂಬಿದೆ, ಮೇಲೆ ನಾಲ್ಕು ಸಜ್ಜೆ ರೊಟ್ಟಿ ಇಟ್ಟು ಅರಿವೆಯಲ್ಲಿ ಕಟ್ಟಿದೆ. ಯಾಕೆ? ಹಬ್ಬದ ದಿನ ಬರಿಗೈಲಿ ಹೋಗಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಪಾಪ, ಅವಳಿಗೆ ಭಾರವಾಗಬಾರದು ಎಂದೂ ಹೇಳಿಕೊಂಡೆ. ಗಂಟನ್ನು ಸೆರಗಿನ ಮರೆಗೆ ಸರಿಸಿಕೊಂಡು ನಡೆದೆ.

ಖಣಿಯ ದಾರಿಯಲ್ಲಿ, ಫರ್ಸಿ ಚೂರುಗಳ ಗುಡ್ಡೆಯ ಹತ್ತಿರ ಫರ್ಸಿ ಮನೆಯಾಕೆ ಸಿಕ್ಕಳು. ಅವಳ ಸೆರಗೂ ಉಬ್ಬಿತ್ತು. ನಾನು ಅವಳದನ್ನು ನೋಡಿದೆ, ಅವಳು ನನ್ನದನ್ನು ನೋಡಿದಳು.

"ನಿಂದೂ ಏನು?"

"ಹೂಂ. ಸುಮ್ಮ, ಸ್ವಲ್ಪ."

ಸೇಡಂನವಳು ಎರಡು ಡಬ್ಬಿ ತಂದಿದ್ದಳು. ಕೊನೆಗೆ ಆಯಿ ಬಂದಳು, ತಲೆಯ ಮೇಲೆ ಬುಟ್ಟಿ. ಮೊದಲು ನಮಗೆ ನಗು ಬಂತು. ಒಬ್ಬರಿಗೊಬ್ಬರು ಹೇಳದೆ, ತಾನೊಬ್ಬಳೇ ತರುತ್ತಿದ್ದೇನೆ ಅಂದುಕೊಂಡು ನಾಲ್ವರೂ ತಂದಿದ್ದೆವು! ನಗು ಅರ್ಧಕ್ಕೇ ನಿಂತಿತು. ಹಿಂದಕ್ಕೆ ಹೋಗಿ ಇಟ್ಟು ಬರೋಣವೆಂದರೆ ಅಷ್ಟರಲ್ಲಿ ಹೊಳೆಯವಳು ಬದುವಿನ ಮೇಲೆ ನಿಂತು ಎರಡೂ ಕೈ ಎತ್ತಿ "ಬರ್ರಿ, ಬರ್ರಿ" ಎಂದು ಕರೆಯುತ್ತಿದ್ದಳು.

ಹತ್ತಿರ ಹೋದೆವು. ಹೊಸ ಹಸಿರು ಸೀರೆ ಉಟ್ಟಿದ್ದಳು. ಜೋಳದ ದಂಟಿನ ಪುಟ್ಟ ಗೂಡು, ಒಳಗೆ ಸುಣ್ಣದ ಐದು ಕಲ್ಲು, ಗೂಡಿನ ಮುಂದೆ ತೊಳೆದ ಫರ್ಸಿಯ ಮೇಲೆ ಆ ಹೊಸ ಗಡಿಗೆ, ಬಾಯಿಗೆ ಬಿಳಿ ಅರಿವೆ. ಊಟಕ್ಕೆಂದು ಮುತ್ತುಗದ ಎಲೆಗಳನ್ನು ಆಗಲೇ ಹಾಸಿದ್ದಳು. ಅವಳ ಕಣ್ಣು ನಮ್ಮ ಮುಖ ಬಿಟ್ಟು ಕೈಗಳಿಗೆ ಇಳಿಯಿತು. ಒಂದು ಡಬ್ಬಿ, ಎರಡು, ಮೂರು, ನಾಲ್ಕು, ಆಮೇಲೆ ಆಯಿಯ ಬುಟ್ಟಿ. ನಾನು ಗಂಟನ್ನು ಬೆನ್ನ ಹಿಂದೆ ಸರಿಸಿದೆ.

ಅವಳು ಅಳಲಿಲ್ಲ. "ಇಷ್ಟೆಲ್ಲಾ ತಂದೀರಿ. ಛಲೋ ಆತು ಬಿಡ್ರಿ" ಎಂದಳು. "ಕುಂದ್ರಿ, ನಿಮ್ಮ ನಿಮ್ಮದು ಬಿಚ್ಚಿ ಉಣ್ರಿ. ನನ್ನದು ಎತ್ತಿಗಿ ಹಾಕಿದ್ರಾತು. ಗಡಿಗಿ ಹೊಸಾದಿತ್ತು ಅಂತ ಅಷ್ಟ..." ಮಾತು ಮುಗಿಸದೆ ಗೂಡಿನ ಕಡೆ ತಿರುಗಿ, ಸರಿಯಾಗಿಯೇ ಇದ್ದ ದಂಟುಗಳನ್ನು ಮತ್ತೆ ಸರಿಮಾಡತೊಡಗಿದಳು.

ಮೊದಲು ಅಲುಗಿದವಳು ಆಯಿ. ಬುಟ್ಟಿಯನ್ನು ಬದುವಿನ ಮೇಲೆ ಇಟ್ಟು, ಮೊಣಕಾಲು ಹಿಡಿದುಕೊಂಡು ಗಡಿಗೆಯ ಮುಂದಿನ ಎಲೆಗೇ ಹೋಗಿ ಕುಳಿತಳು.

"ಇಕಾ ಇಲ್ಲಿ ಬಾ. ನಿನ್ನ ಭಜ್ಜಿ ಮೆತ್ತಗ ಕುದ್ದದ ಏನು? ನನಗ ಹಲ್ಲಿಲ್ಲ."

ಅವಳು ತಿರುಗಿ ನೋಡಿದಳು, ಹತ್ತಿರ ಬರಲಿಲ್ಲ.

"ಮೊದಲನೇ ವರ್ಷ ನೀ ಹಿಂಡಿ ಕೊಟ್ಟಾಗ ಕೈ ಹಿಂದಕ ತಗೊಂಡಾಕಿ ನಾನ" ಎಂದಳು ಆಯಿ, ಎಲ್ಲರಿಗೂ ಕೇಳುವ ಹಾಗೆ. "ನಿನಗೂ ನೆನಪದ, ನನಗೂ ನೆನಪದ. ತಪ್ಪಾತು ನಂದು. ಇಗಾ, ಈಗ ಹಾಕು."

ಆಯಿ ಅಂಗೈ ಚಾಚಿದಳು. ಹೊಳೆಯವಳು ಓಡಿಬಂದು ಅರಿವೆ ಬಿಚ್ಚಿ, ಸೌಟಿನಿಂದ ಒಂದಿಷ್ಟು ಭಜ್ಜಿಯನ್ನು ಆ ಅಂಗೈಗೇ ಹಾಕಿದಳು. ಆಯಿ ಬಾಯಿಗಿಟ್ಟು, ನಿಧಾನವಾಗಿ ಆಡಿಸಿ, "ಉಪ್ಪು ಒಂದು ಚೂರು ಕಮ್ಮಿ ಅದ" ಎಂದಳು. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು "ಇರಂಗಿಲ್ಲರಿ, ನಾ ನೋಡೀನಿ" ಎಂದು ಜಗಳಕ್ಕೇ ನಿಂತಳು. ನನಗೆ ಅಳುವೂ ಬಂತು, ನಗುವೂ ಬಂತು.

ಆಮೇಲೆ ಆಯಿಯದೇ ಕಾರುಬಾರು. ನಾವು ತಂದದ್ದೆಲ್ಲವನ್ನೂ ಎತ್ತುಗಳ ಹತ್ತಿರ ನಿಂತಿದ್ದ ಹೊಳೆಯವಳ ಗಂಡನ ಕೈಗೆ ಕೊಡಿಸಿದಳು. "ಇದು ಭೂಮಿತಾಯಿಗಿ. ಹೋಗಪ್ಪಾ, ಚರಗ ಚೆಲ್ಲಿ ಬಾ." ನಾಲ್ಕು ಮನೆಗಳ ಭಜ್ಜಿ ಆ ಕಲ್ಲು ಹೊಲದ ತೊಗರಿಯ ಮೇಲೆ ಬಿತ್ತು. ಸೇಡಂನವಳು ಚಕ್ಕಳಮಕ್ಕಳ ಹಾಕಿ ಕುಳಿತವಳು ಎರಡು ಸಲ ಹಾಕಿಸಿಕೊಂಡಳು, ಕಾಳಿನ ಬಗೆ ಎಷ್ಟೆಂದು ಬೆರಳು ಮಡಚುತ್ತ ಹದಿನೆಂಟಕ್ಕೆ ಲೆಕ್ಕ ತಪ್ಪಿದಳು. ಫರ್ಸಿ ಮನೆಯಾಕೆ "ನಂದು ಇವತ್ತು ಒಪ್ಪತ್ತು" ಎಂದು ತೊದಲಿದಳು. "ಒಪ್ಪತ್ತು ಇದ್ದಾಕಿ ಡಬ್ಬಿ ಯಾಕ ತಂದಿ?" ಎಂದು ಆಯಿ ಕೇಳಿದ ಮೇಲೆ ಕುಳಿತಳು. ಸ್ವಲ್ಪವೇ ಹಾಕಿಸಿಕೊಂಡಳು, ತಲೆ ತಗ್ಗಿಸಿ ತಿಂದಳು, ಅರ್ಧ ಎಲೆಯಲ್ಲೇ ಉಳಿಯಿತು. ನಾನು ನೋಡಿದೆ. ಹೊಳೆಯವಳೂ ನೋಡಿದಳು.

ನಾನು ಗಡಿಬಿಡಿಯಲ್ಲಿ, ತಪ್ಪು ಮುಚ್ಚಿಕೊಳ್ಳುವವಳ ಹಾಗೆ, ದೊಡ್ಡ ದೊಡ್ಡ ತುತ್ತು ಉಣ್ಣುತ್ತಿದ್ದೆ. ಭಜ್ಜಿ ನಿಜಕ್ಕೂ ರುಚಿಯಾಗಿತ್ತು. ಹೊಸ ಮಣ್ಣಿನ ಘಮ, ನಡುನಡುವೆ ಹಸಿ ಕಡಲೆಯ ಸಿಹಿ. ಹೊಳೆಯವಳು ಎರಡನೇ ಸಲ ಬಡಿಸಲು ಬಂದು ನನ್ನ ಪಕ್ಕದಲ್ಲೇ ಕುಳಿತಳು. ಬೇರೆಯವರಿಗೆ ಕೇಳದಂತೆ ಮೆತ್ತಗೆ ಅಂದಳು:

"ಅವರ ಮಾತು ಬಿಡು. ನೀ ಉಣ್ಣತಿ ಅಂತ ನನಗ ಮೊದಲಿಂದ ಗೊತ್ತಿತ್ತು ಅಕ್ಕಾ. ನೀ ಯಾಕ ಬುತ್ತಿ ತಂದಿ?"

ಇಷ್ಟಾದ ಮೇಲೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಅವರ್ಯಾರೂ ಉಣ್ಣಲಿಲ್ಲಂದ್ರ ನಿನಗ ನಾಚಿಕಿ ಆಗಬಾರದು ಅಂತ ತಂದೆ" ಎಂದೆ.

ಅವಳು ಸೌಟನ್ನು ಗಡಿಗೆಯ ಅಂಚಿಗೆ ಒರೆಸಿ ನನ್ನ ಮುಖ ನೋಡಿದಳು. ಸಿಟ್ಟಿರಲಿಲ್ಲ. ಗೊತ್ತಿಲ್ಲದ್ದನ್ನು ನಿಜವಾಗಿಯೂ ತಿಳಿದುಕೊಳ್ಳಬೇಕೆನ್ನುವವಳ ಹಾಗೆ ಕೇಳಿದಳು.

"ಅವರು ಉಣ್ಣಲಿಲ್ಲಂದ್ರ ನಾಚಿಕಿ ನನಗ್ಯಾಕ ಆಗಬೇಕಿತ್ತು?"

ಬಾಯಲ್ಲಿ ತುತ್ತಿತ್ತು. ಅದನ್ನು ನುಂಗಿ ನನ್ನ ಎಲೆಯನ್ನು ಅವಳ ಕಡೆ ಸರಿಸಿದೆ.